ಬೆನ್ನ ಮೇಲಿನ ನಕ್ಷತ್ರಗಳು

ಅಪ್ಪಾ,

ನೀವು ಬಣ್ಣ ಹಾಕಿದ್ದ ಮಾತೆ ಮರಿಯಮ್ಮನವರ ಪ್ರತಿಮೆಯನ್ನು ಇವತ್ತು ಚರ್ಚಿನ ಗೂಡಿನಿಂದ ಇಳಿಸಿ ನಾನೇ ಶುಚಿ ಮಾಡಿದೆ. ಮೇಣದ ಬತ್ತಿಗಳ ಮಸಿ ಒರೆಸುತ್ತಿದ್ದಂತೆ ನೀಲಿ ಮೇಲುಹೊದಿಕೆ ಹೊಳೆಯಿತು. ಯಾರಿಗೂ ಕಾಣದ ಬೆನ್ನ ಮೇಲೂ ಸಾಲು ಸಾಲು ಚಿನ್ನದ ನಕ್ಷತ್ರಗಳಿದ್ದವು.

"ಹಿಂದ್ಗಡೆ ಯಾರು ನೋಡ್ತಾರೆ ಅಂತ ಇಷ್ಟು ಕಷ್ಟಪಟ್ರು ನಿಮ್ಮಪ್ಪ?" ಎಂದರು ಫಾದರ್.

"ಒಂದೊಂದು ನಕ್ಷತ್ರಕ್ಕೂ ಒಂದು ಜಪ ಹೇಳ್ಕೋತಿದ್ರು. ಜಪ ಮುಗಿಯೋವರೆಗೂ ಕೈ ನಿಲ್ತಿರ್ಲಿಲ್ಲ," ಎಂದೆ.

ಇದನ್ನೇ ನಾನು ಬೊಂಬೆಗೆ ಬಣ್ಣ ಬಳಿಯುವ ಕೆಲಸ ಎಂದು ನಕ್ಕಿದ್ದೆ. ನೀವು ಕುಂಚ ತೊಳೆದಿಟ್ಟಿರಿ. ಈಗ ಹೇಳುತ್ತೇನೆ, ಇಷ್ಟು ಚೆಂದದ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರು ನಕ್ಷತ್ರ ಉದುರಿದ್ದವು. ನಿಮ್ಮಂತೆಯೇ ನಮೋ ಮರಿಯಾ ಜಪ ಹೇಳಿಕೊಳ್ಳುತ್ತ ನಾನೇ ಬರೆದೆ. ನೀವು ಹೋದ ಮೇಲೆ ಆ ಜಪವನ್ನು ಒಮ್ಮೆಯೂ ಹೇಳಿರಲಿಲ್ಲ. ಒಂದು ಪದವೂ ತಪ್ಪಲಿಲ್ಲ, ಕೈಯೂ ನಿಲ್ಲಲಿಲ್ಲ.