ದೀಪ ಹಚ್ಚದ ಕೋಣೆಯ ಬಾಡಿಗೆದಾರರು

ಮನೆಯಿಂದ, ಊಟದ ಮೇಜಿನ ಮೇಲೆ
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಗುಬ್ಬಿಗೆ, ನಿನ್ನಪ್ಪ ಇಲ್ಲಿಂದಲೇ ತಲೆ ಸವರಿ ಬರೆಯುವುದು.

ಹೇಗಿದ್ದೀಯಮ್ಮಾ? ರಾತ್ರಿ ಪಾಳಿ ಮುಗಿಯಿತೋ, ಇನ್ನೂ ಅದೇ ಗೋಳೋ? ನಿಂತೂ ನಿಂತೂ ಕಾಲು ಬಾತುಕೊಳ್ಳುತ್ತದೆ ಅಂದಿದ್ದೆಯಲ್ಲ, ಆಸ್ಪತ್ರೆಯಲ್ಲೇ ನರ್ಸಾಗಿರುವವಳಿಗೆ ಅಲ್ಲಿಯ ಡಾಕ್ಟರ ಹತ್ತಿರ ಒಂದು ಸಲ ತೋರಿಸಿಕೊಳ್ಳಲು ಏನು ದಾಡಿ? ಅಳಿಯಂದಿರ ಕೆಮ್ಮು ಇಳಿಯಿತೆ? ಬಿಸಿನೀರು ಕುಡಿಯಲಿ, ಸಿಗರೇಟು ಬಿಟ್ಟಿದ್ದೇನೆ ಅಂತ ಅವರು ಹೇಳುವುದನ್ನು ನೀನು ನಂಬು, ನಾನು ನಂಬುವುದಿಲ್ಲ. ನಾನು ಆರೋಗ್ಯವಾಗಿದ್ದೇನೆ. ಬಲ ಮಂಡಿ ಮಾತ್ರ ತನ್ನ ಪಾಡಿಗೆ ತಾನು ಕಟಕಟ ಅನ್ನುತ್ತಿರುತ್ತದೆ. ಫೋನು ಮಾಡದೆ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನೀನು "ಅಪ್ಪಾ, ಪಾಯಿಂಟಿಗೆ ಬಾ" ಅನ್ನುತ್ತೀಯ. ನಾನು ಪಾಯಿಂಟಿಗೆ ಬರುವಷ್ಟರಲ್ಲಿ ಯಾರೋ ನಿನ್ನನ್ನು ಕೂಗಿರುತ್ತಾರೆ. ಕಾಗದ ಯಾರಿಗೂ ಅವಸರ ಮಾಡುವುದಿಲ್ಲ.

ವಿಷಯ ಏನೆಂದರೆ, ಎರಡು ಬೀದಿ ಆಚೆ ನಿನ್ನ ಹೆಸರನ್ನೂ ಸೇರಿಸಿ ಕೊಂಡೆವಲ್ಲ, ಆ ಚಿಕ್ಕ ಮನೆ. ಕೊಳ್ಳುವಾಗ ಬ್ರೋಕರ್ ಏನಂದಿದ್ದ ನೆನಪಿದೆಯೆ? "ಸಾರ್, ನೀವು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರಿ, ಬಾಡಿಗೆ ತಾನಾಗೇ ನಡ್ಕೊಂಡು ಬರುತ್ತೆ." ಮೂರು ತಿಂಗಳು ಕೂತೆ. ನಡೆದುಕೊಂಡು ಬಂದದ್ದು ಬಚ್ಚಲಿನ ಗೋಡೆಯ ಒದ್ದೆ ಒಂದೇ. ಪ್ಲಂಬರ್ ಬಂದು ಗೋಡೆ ಒಡೆಯಬೇಕು ಅಂದ. ಒಡೆದ ಮೇಲೆ ಇದು ಮೇಸ್ತ್ರಿ ಕೆಲಸ ಅಂದ. ಮೇಸ್ತ್ರಿ ಪ್ಲಂಬರನ್ನು ಬೈದ, ಪ್ಲಂಬರ್ ಮೇಸ್ತ್ರಿಯನ್ನು ಬೈದ, ಕೊನೆಗೆ ಇಬ್ಬರೂ ಸೇರಿ ಮನೆ ಕಟ್ಟಿಸಿದವನನ್ನು ಬೈದು ನನ್ನ ಕಡೆ ಕೈ ಚಾಚಿದರು. ಗೋಡೆಗೆಲ್ಲ ಹೊಸ ಗಿಲಾವು, ಹೊಸ ಬಣ್ಣ. ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು, ಆದರೆ ಒಳಗೆ ಇರುವವರು ಬೇಕಲ್ಲ. ನಿಮ್ಮಮ್ಮ ಇದ್ದಿದ್ದರೆ ನಾನು ಈ ಬಾಡಿಗೆ ಮನೆಯ ಸಹವಾಸಕ್ಕೇ ಹೋಗುತ್ತಿರಲಿಲ್ಲ. "ನಿಮ್ಮ ಕೈಗೆ ಬಾಡಿಗೆದಾರರು ಸಿಕ್ಕರೆ ಅವರ ಉಸಿರನ್ನೂ ತೂಗಿ ನೋಡ್ತೀರಿ" ಅನ್ನುತ್ತಿದ್ದಳು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಅಲೆದವನು ನಾನು. ತಕ್ಕಡಿಯ ತಟ್ಟೆಯ ಕೆಳಗೆ ಮೇಣದ ಉಂಡೆ ಅಂಟಿಸಿದವರೆಲ್ಲ ನನಗೆ ನಗುನಗುತ್ತಲೇ ಕುರ್ಚಿ ಹಾಕಿದವರು. ನಗುವವರನ್ನು ಕಂಡರೆ ನನ್ನ ಕೈ ತಾನಾಗಿ ತಟ್ಟೆಯ ಕೆಳಗೆ ಹೋಗುತ್ತದೆ, ಏನು ಮಾಡಲಿ?

ಮನೆ ನೋಡಲು ಬಂದವರಲ್ಲಿ ಒಬ್ಬ ಬಾಗಿಲಲ್ಲೇ ನಿಂತು ಟೆರೇಸೂ ತನಗೇ ಸೇರುತ್ತದೆಯೆ ಅಂತ ಕೇಳಿದ, ಅವನನ್ನು ಬಾಗಿಲಿನಿಂದಲೇ ಕಳಿಸಿದೆ. ಇನ್ನೊಬ್ಬ ಎಲ್ಲವನ್ನೂ ಹೊಗಳಿದ, ಬಚ್ಚಲಿನ ನಲ್ಲಿಯನ್ನೂ ಬಿಡಲಿಲ್ಲ. ನಲ್ಲಿ ಹೊಗಳುವವನು ಬಾಡಿಗೆ ಕೊಡುವುದುಂಟೆ? ಆಮೇಲೆ ಬಂದವಳು ಈ ಹುಡುಗಿ. ಬಸ್ ನಿಲ್ದಾಣದ ಹತ್ತಿರ ದೊಡ್ಡ ಔಷಧಿ ಅಂಗಡಿಯಲ್ಲಿ ಕೆಲಸ, ನಿನಗಿಂತ ಎರಡು ವರ್ಷ ಚಿಕ್ಕವಳಿರಬಹುದು. ಎಷ್ಟು ಜನ ಅಂದೆ. "ಇಬ್ರೇ ಅಂಕಲ್, ನಾನು, ನಮ್ಮಪ್ಪ" ಅಂದಳು. ಅಗ್ರಿಮೆಂಟು ನಾನೇ ಬರೆದೆ, ಇಂಗ್ಲಿಷಿನಲ್ಲಿ, ಮೂವತ್ತೆರಡು ಷರತ್ತು. ಕನ್ನಡದಲ್ಲಿ ಬರೆದರೆ ಯಾರಿಗೂ ಭಯ ಇರುವುದಿಲ್ಲ. ಕಾಲೇಜಿನ ಕಾನೂನು ಕ್ಲಾಸಿನಲ್ಲಿ ಕಲಿತದ್ದರಲ್ಲಿ ಉಳಿದಿರುವ "ದಿ ಸೆಡ್ ಪ್ರೆಮಿಸಸ್," "ಹಿಯರಿನ್‌ಬಿಫೋರ್," "ಶಾಲ್ ನಾಟ್" ಇವನ್ನೆಲ್ಲ ಧಾರಾಳವಾಗಿ ಸುರಿದಿದ್ದೆ. ಆ ಹುಡುಗಿ ಮೂರು ಪುಟವನ್ನೂ ಕೂತು ಓದಿದಳು, ಬೆರಳಿಟ್ಟುಕೊಂಡು. ಮುಕ್ಕಾಲು ಗಂಟೆ! ನೆಟ್ಟಗಿರುವವರು ಓದದೆ ಸಹಿ ಹಾಕುತ್ತಾರೆ ಗುಬ್ಬಿ. ಓದುವವರು ನಾಳೆ ಕೋರ್ಟಿನಲ್ಲಿ ಯಾವ ಸಾಲು ಹಿಡಿಯಬೇಕು ಅಂತ ಹುಡುಕುತ್ತಿರುತ್ತಾರೆ. ನನ್ನ ಮೊದಲ ಅನುಮಾನ ಅಲ್ಲೇ ಹುಟ್ಟಿತು.

ಎರಡನೆಯದು, ಆ ಅಪ್ಪ. ಬಂದು ಐದು ತಿಂಗಳಾಯಿತು, ಅವನ ಮುಖವನ್ನು ಬೀದಿಯಲ್ಲಿ ಒಬ್ಬರೂ ಕಂಡಿಲ್ಲ. ಸಾಮಾನು ಬಂದ ದಿನ ಆಟೋದಲ್ಲಿ ಯಾರೋ ಒಬ್ಬರು ತಲೆಗೆ ಮಫ್ಲರ್ ಸುತ್ತಿಕೊಂಡು ಇಳಿದರಂತೆ, ಅಷ್ಟೆ. ಹುಡುಗಿ ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾಳೆ. ಸಂಜೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ದೀಪ ಹತ್ತಿದರೂ ನಮ್ಮ ಮನೆ ಕತ್ತಲೆ. ಕತ್ತಲೆಯೊಳಗೆ ರೇಡಿಯೊ. ಸಣ್ಣದಾಗಿ ವಾರ್ತೆ, ಹವಾಮಾನ, ಆಮೇಲೆ ಯಾವುದೋ ಹಳೆಯ ಹಾಡು. ನೀನೇ ಹೇಳು, ಮರ್ಯಾದಸ್ಥರು ಯಾರಾದರೂ ಕತ್ತಲೆಯಲ್ಲಿ ಕೂತು ಹವಾಮಾನ ಕೇಳುತ್ತಾರೆಯೆ? ನನಗೆ ಥಟ್ಟನೆ ಹೊಳೆಯಿತು: ಔಷಧಿ! ಡಬ್ಬಿಗಳ ಮೇಲೆ ಬರೆದಿರುತ್ತದಲ್ಲ, ಬೆಳಕು ಬೀಳದ ತಂಪಾದ ಜಾಗದಲ್ಲಿಡಿ ಅಂತ. ಅಂಗಡಿಯಿಂದ ಹಾರಿಸಿದ ಮಾಲು ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟು ಕಾವಲಿಗೆ ಒಬ್ಬನನ್ನು ಕೂರಿಸಿದ್ದಾಳೆ, ಅಪ್ಪನೂ ಅಲ್ಲ ಗಿಪ್ಪನೂ ಅಲ್ಲ. ಸಾಲದ್ದಕ್ಕೆ ಒಂದು ಸಂಜೆ ಪರದೆಯ ಸಂದಿಯಿಂದ ಕಂಡದ್ದೇನು, ಸೊಂಟದೆತ್ತರಕ್ಕೆ ಕೋಣೆಯ ಉದ್ದಕ್ಕೂ ಎಳೆದು ಕಟ್ಟಿದ ಹಗ್ಗ. ಅದರ ಮೇಲೆ ಬಟ್ಟೆ ಇಲ್ಲ, ಬರೆ ಇಲ್ಲ. ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಕ್ಯಾಲೆಂಡರು ಕುರ್ಚಿಗೆ ಒರಗಿದೆ, ಗಡಿಯಾರ ನೆಲದ ಮೇಲಿದೆ. ಉಳಿಯುವ ಮನಸ್ಸಿದ್ದವರು ಮೊದಲು ಮೊಳೆ ಹೊಡೆಯುತ್ತಾರೆ. ಇವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವರು ಅಂತ ನನಗೆ ಖಾತ್ರಿಯಾಯಿತು.

ಮನೆ ಕೊಟ್ಟವನಿಗೆ ಸುಮ್ಮನೆ ಕೂರಲಾಗುತ್ತದೆಯೆ? ದಿನಾ ಸಂಜೆ ಆರೂವರೆಗೆ ವಾಕಿಂಗ್ ಅಂತ ಹೊರಟು, ಆ ಕಿಟಕಿಯ ಕೆಳಗೆ ಒಂದು ಹತ್ತು ನಿಮಿಷ, ಹದಿನೈದು ನಿಮಿಷ ನಿಲ್ಲುತ್ತಿದ್ದೆ. ಇನ್‌ಸ್ಪೆಕ್ಷನ್. ಎದುರು ಮನೆಯ ಟೈಲರ್, ನಿನ್ನ ಮದುವೆಯ ಬಟ್ಟೆ ಹೊಲಿದವನು, ಒಂದು ದಿನ ಮಿಷನ್ ನಿಲ್ಲಿಸಿ "ಏನ್ ಸಾರ್, ದಿನಾ ಇದೇ ಟೈಮು, ಇದೇ ಸ್ಟಾಪು?" ಅಂತ ಹಲ್ಲು ಕಿರಿದ. ಅವನ ಹೆಂಡತಿ ಒಳಗಿನಿಂದ ಇಣುಕಿದಳು. ಅವರೂ ಇದರಲ್ಲಿ ಶಾಮೀಲೋ ಅಂತ ನನಗೆ ಆಗ ಅನ್ನಿಸಿತ್ತು.

ಹೀಗಿರುವಾಗ ಮೊನ್ನೆ ಶುಕ್ರವಾರ ಹುಡುಗಿ ಬೆಳಿಗ್ಗೆಯೇ ನಮ್ಮ ಮನೆಗೆ ಬಂದಳು. ಕೂತುಕೊಳ್ಳಲಿಲ್ಲ. "ಅಂಕಲ್, ನಾವು ಮುಂದಿನ ತಿಂಗಳು ಮನೆ ಬಿಡ್ತೀವಿ. ದಿನಾ ಸಂಜೆ ಯಾರೋ ಕಿಟಕಿ ಹತ್ರ ಬಂದು ನಿಂತ್ಕೋತಾರೆ. ಮಾತಾಡಲ್ಲ, ಕಾಲಿಂಗ್ ಬೆಲ್ ಒತ್ತಲ್ಲ, ಸುಮ್ನೆ ನಿಂತಿರ್ತಾರೆ. ಅಪ್ಪ ಒಬ್ರೇ ಇರ್ತಾರೆ. ಎದ್ದು ಬರೋಷ್ಟರಲ್ಲಿ ಹೊರಟುಹೋಗ್ತಾರೆ" ಅಂದಳು. ಹೀಗೆ ಹೆದರಿದವರನ್ನೂ ನಾನು ಸರ್ವಿಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಎಲಾ ಇವಳ! ದಿನಾ ಸಂಜೆ ಅಲ್ಲಿ ಖುದ್ದಾಗಿ ನಾನೇ ಇರುತ್ತೇನೆ, ಒಂದು ನರಪಿಳ್ಳೆ ಬಂದಿದ್ದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲವೆ? ಹನ್ನೊಂದು ತಿಂಗಳ ಅಗ್ರಿಮೆಂಟು ಮಧ್ಯದಲ್ಲಿ ಮುರಿಯಲು ಹೂಡಿದ ಆಟ ಇದು. ನಾಳೆ ಬಂದು ಮನೆ ನೋಡುತ್ತೇನೆ, ಸೆಕ್ಯುರಿಟಿ ಚೆಕ್ ಮಾಡಬೇಕು ಅಂದೆ. ಅವಳ ಮುಖ ಒಂದು ಗಳಿಗೆ ಪೆಚ್ಚಾಯಿತು. ಸಿಕ್ಕಿಬಿದ್ದಳು ಅಂದುಕೊಂಡೆ.

ಶನಿವಾರ ಹುಡುಗಿ ಕೆಲಸಕ್ಕೆ ಹೊರಡುವ ಮೊದಲೇ ಅಗ್ರಿಮೆಂಟು, ಟಾರ್ಚು ಎರಡೂ ಹಿಡಿದುಕೊಂಡು ಹೋದೆ. ಮಾಲು ಇರಲಿಲ್ಲ ಗುಬ್ಬಿ. ಹಿಂದಿನ ಕೋಣೆಯಲ್ಲಿ ಮಂಚ, ಸ್ಟೂಲು, ರೇಡಿಯೊ, ಮಂಚದ ಅಂಚಿನಲ್ಲಿ ನನ್ನ ವಯಸ್ಸಿನ ಒಬ್ಬ ಮನುಷ್ಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರಂತೆ, ಹೆಂಡತಿ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಎರಡು ಕಣ್ಣೂ ಹೋಗಿ ನಾಲ್ಕು ವರ್ಷವಾಯಿತಂತೆ. ದೀಪ ಅವರಿಗೆ ಯಾಕೆ ಬೇಕು? ನಾನು ಅಷ್ಟಕ್ಕೇ ನಂಬುವವನಲ್ಲ, ನಿನಗೆ ಗೊತ್ತು. ಸದ್ದಿಲ್ಲದೆ ಅವರ ಮುಖದ ಮುಂದೆ ಕೈ ಆಡಿಸಿದೆ. "ಬೀಸೋದೇ ಆದ್ರೆ ಸ್ವಲ್ಪ ಜೋರಾಗಿ ಬೀಸಿ ಸ್ವಾಮಿ, ಸೆಕೆ ಇದೆ" ಅಂದರು! ನನ್ನ ಕೈ ಅಲ್ಲೇ ನಿಂತಿತು. ಆ ಹಗ್ಗ ಇದ್ದದ್ದು ಅವರು ಹಿಡಿದುಕೊಂಡು ಬಚ್ಚಲಿಗೆ ಹೋಗಲಿಕ್ಕೆ. ಒಂದು ತುದಿ ಮಂಚದ ಕಂಬಕ್ಕೆ, ನಡುವೆ ನೀರು ತುಂಬಿದ ಡ್ರಮ್ಮಿಗೆ, ಇನ್ನೊಂದು ತುದಿ ಬಚ್ಚಲಿನ ಬಾಗಿಲ ಚಿಲಕಕ್ಕೆ. ಜಗ್ಗಿದರೆ ಡ್ರಮ್ಮು ಸರಿಯುತ್ತದೆ. ಹೋದ ತಿಂಗಳು ಹಾಗೇ ಸರಿದು ಬಿದ್ದು ಮೊಣಕೈ ತರಚಿಕೊಂಡಿದ್ದಾರೆ. ಗೋಡೆಗೆ ಗಟ್ಟಿಯಾಗಿ ಒಂದು ಕಂಬಿ ಹೊಡೆಸಬಾರದಿತ್ತೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೆ ಅಂತ ರೇಗಿದೆ. ಹುಡುಗಿ ನನ್ನ ಕೈಯಲ್ಲಿದ್ದ ಕಾಗದವನ್ನೇ ತಿರುಗಿಸಿ ತೋರಿಸಿದಳು. "ಹದಿನೇಳನೇ ಕಂಡೀಶನ್ನು ಅಂಕಲ್. ಗೋಡೆಗೆ ಒಂದೇ ಒಂದು ಮೊಳೆ ಹೊಡೆದ್ರೂ ಅವತ್ತೇ ಖಾಲಿ ಮಾಡಿಸ್ತೀನಿ ಅಂತ ಬರ್ದಿದೀರ." ಹೊಸ ಗಿಲಾವಿಗೆ ಸುರಿದ ದುಡ್ಡಿನ ಹೊಟ್ಟೆಯುರಿಯಲ್ಲಿ ಯಾವತ್ತೋ ಗೀಚಿದ್ದು, ನನಗೆ ನೆನಪೂ ಇರಲಿಲ್ಲ. ಅವಳು ಅಕ್ಷರ ಅಕ್ಷರ ಪಾಲಿಸಿದ್ದಾಳೆ. ಕಣ್ಣಿಲ್ಲದ ವಿಷಯ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ಹೇಳಿದ ಮೂರು ಕಡೆ ಮನೆ ಕೊಡ್ಲಿಲ್ಲ" ಅಂದಳು.

ಆದರೂ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ ತಾನೆ? ಒಂದು ಮುಚ್ಚಿಟ್ಟವಳು ಎರಡು ಮುಚ್ಚಿಡಲಾರಳೆ? ಬೆನಿಫಿಟ್ ಆಫ್ ಡೌಟ್ ಅಂತ ಒಂದಿದೆಯಲ್ಲ, ಅದನ್ನು ಅನುಮಾನ ಪಟ್ಟವನಿಗೆ ಕೊಡುವುದೋ ಅನುಮಾನಕ್ಕೆ ಒಳಗಾದವನಿಗೆ ಕೊಡುವುದೋ, ನಮ್ಮ ಲೆಕ್ಚರರ್ ಹೇಳಿದ್ದು ಮರೆತುಹೋಗಿದೆ. ಆ ಮುದುಕರೂ ಸಾಮಾನ್ಯರಲ್ಲ. ಹುಡುಗಿ ಟೀ ಮಾಡಲು ಒಳಗೆ ಹೋದಾಗ, "ಸ್ವಾಮಿ, ಒಂದ್ಸಲ ಕಿಟಕಿ ತನಕ ನಡ್ಕೊಂಡ್ ಹೋಗಿ ಬರ್ತೀರಾ?" ಅಂದರು. ಹೋಗಿ ಬಂದೆ. ತಲೆ ಓರೆ ಮಾಡಿ ಕೇಳಿಸಿಕೊಂಡು, "ಓಹೋ, ಮನೆ ಓನರ್ರಾ" ಅಂತ ಒಬ್ಬರೇ ನಕ್ಕರು. ಆ ನಗು ನನಗೆ ಸರಿಕಾಣಲಿಲ್ಲ. ಆಮೇಲೆ, ಈ ಮನೆ ಕಲಿಯಲು ತಮಗೆ ನಾಲ್ಕು ತಿಂಗಳು ಹಿಡಿಯಿತು ಅಂತ ಹೇಳಿದರು. ಮಂಚದಿಂದ ಬಚ್ಚಲಿಗೆ ಹದಿಮೂರು ಹೆಜ್ಜೆ, ಒಲೆಗೆ ಒಂಬತ್ತು, ಹೊಸಿಲು ಎರಡು ಬೆರಳು ಎತ್ತರ. "ಇನ್ನೊಂದು ಮನೆ ಕಲಿಯೋಷ್ಟು ತಾಳ್ಮೆ ಇಲ್ಲ ಸ್ವಾಮಿ. ಆದ್ರೆ ಮಗಳು ಹೆದರ್ಕೊಂಡಿದಾಳೆ, ಏನ್ ಮಾಡ್ಲಿ?" ಹುಡುಗಿ ಸೋಮವಾರ ಹತ್ತು ಗಂಟೆಗೆ ಪೊಲೀಸ್ ಸ್ಟೇಷನ್ನಿಗೆ ದೂರು ಕೊಡುತ್ತಾಳಂತೆ, ಮನೆಯ ಮಾಲೀಕ ಅಂತ ನಾನೂ ಬಂದು ಸಾಕ್ಷಿ ಹಾಕಬೇಕಂತೆ. ಆಗಲಿ ಅಂದಿದ್ದೇನೆ. ಅಂಥವನು ಒಬ್ಬ ನಿಜವಾಗಿ ಇದ್ದರೆ ಸಿಕ್ಕಿಬೀಳಲಿ, ಇಲ್ಲದಿದ್ದರೆ ಇವಳ ಆಟ ಬಯಲಾಗಲಿ. ಎರಡರಲ್ಲಿ ಒಂದು ಇತ್ಯರ್ಥವಾಗಿಯೇ ಆಗುತ್ತದೆ.

ಕಾಲು ಊತಕ್ಕೆ ಮಲಗುವಾಗ ದಿಂಬಿನ ಮೇಲೆ ಕಾಲಿಟ್ಟುಕೊ. ಅಳಿಯಂದಿರಿಗೆ ನನ್ನ ನಮಸ್ಕಾರ. ನಿಮ್ಮಿಬ್ಬರಿಗೂ ಹೊತ್ತು ಹೊತ್ತಿಗೆ ಊಟ, ಕಣ್ತುಂಬ ನಿದ್ದೆ ಸಿಗಲಿ, ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ಇಂತಿ,
ನಿನ್ನ ಅಪ್ಪ

ತಾಜಾ ಕಲಮು: ಸೋಮವಾರ ಬೆಳಿಗ್ಗೆ. ಅಂಟಿಸಿದ್ದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಈಗ ಎಂಟೂವರೆಗೆ ಆ ಮುದುಕರು ಫೋನು ಮಾಡಿದ್ದರು, ಮಗಳು ಸ್ನಾನಕ್ಕೆ ಹೋದ ಸಮಯ ಹಿಡಿದು. "ಸ್ವಾಮಿ, ಕಿಟಕಿ ಕೆಳಗೆ ನಿಲ್ತಿದ್ದೋರು ನೀವೇ. ಐದು ತಿಂಗಳಿಂದ ಕೇಳಿದ ಹೆಜ್ಜೆ, ನನಗೆ ತಪ್ಪಲ್ಲ. ಮಗಳಿಗೆ ಹೇಳಿಲ್ಲ. ಸ್ಟೇಷನ್ನಿಗೆ ಹೋಗೋ ಮುಂಚೆ ನೀವೇ ಹೇಳಿದ್ರೆ ಚೆಂದ. ಇನ್ಮೇಲೆ ಒಳಗೇ ಬಂದ್ ಕೂತ್ಕೊಳ್ಳಿ, ವಾರ್ತೆ ಕೇಳ್ಬೋದು" ಅಂದರು. ಗುಬ್ಬಿ, ಐದು ತಿಂಗಳಲ್ಲಿ ಅಲ್ಲಿ ಯಾರೂ ನಿಂತಿಲ್ಲ ಅಂತ ನಾನು ಆಣೆ ಮಾಡಲೂ ಸಿದ್ಧನಿದ್ದೆ. ಆ ಹುಡುಗಿ ಅಂಗಡಿಯಲ್ಲಿ ನಿಂತು ದಿನಾ ಸಂಜೆ ನನ್ನಿಂದಲೇ ನಡುಗುತ್ತಿದ್ದಳು. ದೂರಿನಲ್ಲಿ ಬರೆದಿಟ್ಟಿದ್ದಾಳಂತೆ, ಅಪರಿಚಿತ ವ್ಯಕ್ತಿ, ವಯಸ್ಸಾದವನು, ಕುಂಟುತ್ತಾನೆ ಅಂತ. ಒಂಬತ್ತಾಯಿತು, ಈಗ ಹೊರಡುತ್ತೇನೆ, ಅವಳು ಸ್ಟೇಷನ್ನಿಗೆ ಹೊರಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಏನು ಅಂತ ಶುರು ಮಾಡುವುದೋ ತಿಳಿಯುತ್ತಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ, ದೂರು ಕೊಟ್ಟೇ ಕೊಡುತ್ತೇನೆ ಅಂದರೂ ಜೊತೆಗೆ ಹೋಗುತ್ತೇನೆ. ಅವರು ಮನೆ ಬಿಡದಿದ್ದರೆ ಸಾಕು. ಟೈಲರ್ ಹೆಂಡತಿ ಹತ್ತಿರ ನಿನ್ನ ನಂಬರಿದೆ. ಅವಳು ನಿನ್ನ ಕಿವಿಗೆ ಇದನ್ನು ಹಾಕದೆ ಬಿಡುವವಳಲ್ಲ, ನಿಮ್ಮಪ್ಪ ಹೆಣ್ಣುಮಗಳಿರುವ ಮನೆಯ ಕಿಟಕಿಯಲ್ಲಿ ದಿನಾ ನಿಲ್ಲುತ್ತಿದ್ದರು ಅಂತ. ಇಲ್ಲ ಅಂತ ಜಗಳಕ್ಕೆ ಹೋಗಬೇಡಮ್ಮಾ. ಹೌದು, ನಿಂತಿದ್ದರು ಅಂತ ಹೇಳು.