ಕೋಟೆ ಬಾಗಿಲಿಗೆ ಬಾ, ಬೈರಮ್ಮ

ಅರೆಕೆರೆ
ಬುಧವಾರ, 10-1-1962

ಚಿರಂಜೀವಿ ತಂಗಿ ಬೈರಮ್ಮನಿಗೆ ನಿನ್ನ ಅಕ್ಕ ಮುನಿಲಕ್ಷ್ಮಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೆ ಎಂದು ಕೇಳುವ ಮುಖ ನನಗಿಲ್ಲ ಎಂದು ನೀನು ಅಂದುಕೊಂಡರೆ ಅಂದುಕೋ, ನಾನಂತೂ ಕೇಳುತ್ತೇನೆ. ಹೇಗಿದ್ದೀಯೆ?

ಕಾಗದ ತಡವಾಯಿತು. ದೀಪಾವಳಿಗೇ ಬರೆಯಬೇಕೆಂದಿದ್ದೆ. ಆಮೇಲೆ ರಾಗಿ ಕೊಯ್ಲು ಬಂತು, ಕಣ ಬಂತು. ಅದೂ ಅಲ್ಲದೆ ನನ್ನ ಅಕ್ಷರ ನಿನಗೆ ಗೊತ್ತಲ್ಲ. ಇಬ್ಬರೂ ಒಂದೇ ಐಗಳ ಮಠದಲ್ಲಿ ಮರಳಿನ ಮೇಲೆ ತಿದ್ದಿದವರು. ನೀನು ಮೂರನೆಯ ಪುಸ್ತಕ ಮುಗಿಸಿದೆ, ನಾನು ಎರಡನೆಯದಕ್ಕೇ ಎಮ್ಮೆ ಕಾಯಲು ಹೋದೆ. ಓದುವುದಕ್ಕೆ ಕಷ್ಟವಾದರೆ ನಿಧಾನವಾಗಿ ಓದು. ಬೇರೆಯವರ ಕೈಲಿ ಓದಿಸಬೇಡ.

ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನಾನು ನಿಮ್ಮ ಚಿತ್ರದುರ್ಗ ನೋಡಲು ಬರುತ್ತಿದ್ದೇನೆ. ನಿನ್ನನ್ನಲ್ಲ, ದುರ್ಗವನ್ನು. ನನ್ನ ಮೊಮ್ಮಗಳು, ಚಿಕ್ಕಬೈರಪ್ಪನ ಮಗಳು ಚೂಡಾಮಣಿಗೆ ಈಗ ಒಂಬತ್ತು ವರ್ಷ, ನಾಲ್ಕನೆಯ ಕ್ಲಾಸು. ಅವರ ಮೇಷ್ಟ್ರು ಶಾಮಣ್ಣ ಕೋಟೆಯ ಕಥೆ ಹೇಳಿದ್ದೇ ಹೇಳಿದ್ದು, ಈ ಹುಡುಗಿ ನನ್ನ ಒನಕೆ ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ಹೊಂಚುಹಾಕಿ ನಿಂತಳು. ಒಳಗೆ ಬಂದ ಅವಳಪ್ಪನ ತಲೆ ಕೂದಲೆಳೆಯಲ್ಲಿ ಉಳಿಯಿತು. ತೋರಿಸಿಕೊಂಡು ಬಂದುಬಿಡುವುದೇ ವಾಸಿ ಎಂದುಕೊಂಡೆ.

ಎಲ್ಲ ಗೊತ್ತುಮಾಡಿದ್ದೇನೆ. ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ಹೊರಟು ಜಯನಗರದ ತನಕ ನಮ್ಮ ಗಾಡಿ, ಅಲ್ಲಿಂದ ಕಲಾಸಿಪಾಳ್ಯಕ್ಕೆ ಸಿಟಿ ಬಸ್ಸು, ಅಲ್ಲಿಂದ ದುರ್ಗದ ಬಸ್ಸು. ತುಮಕೂರು, ಸಿರಾ, ಹಿರಿಯೂರು, ಎಲ್ಲವನ್ನೂ ಶಾಮಣ್ಣ ಬರೆದುಕೊಟ್ಟಿದ್ದಾನೆ. ರಾತ್ರಿ ಛತ್ರದಲ್ಲಿ ಮಲಗುವುದು. ಶನಿವಾರ ಬಿಸಿಲೇರುವ ಮೊದಲು ಕೋಟೆ ಹತ್ತುವುದು, ಕಿಂಡಿ ನೋಡುವುದು, ಏಕನಾಥಮ್ಮನಿಗೆ ಕಾಯಿ ಒಡೆಸುವುದು, ಹೊಂಡಗಳ ಹತ್ತಿರ ಊಟ. ಭಾನುವಾರ ಚಂದ್ರವಳ್ಳಿ ಗವಿ. ಸೋಮವಾರ ವಾಪಸ್ಸು. ನನ್ನ ಮಂಡಿಯ ಸುದ್ದಿ ಯಾರೂ ಎತ್ತಬಾರದು, ಅದು ನಾನು ಹೇಳಿದ ಹಾಗೆ ಕೇಳುತ್ತದೆ.

ಛತ್ರ ಎಂದ ಕೂಡಲೇ ಚಿಕ್ಕಬೈರಪ್ಪ ರಾಗ ತೆಗೆದ. "ಅವ್ವ, ಚಿಕ್ಕವ್ವನ ಮನೆ ಇರುವಾಗ ಛತ್ರ ಯಾಕೆ? ಯಾವತ್ತೋ ಕೋಪದಲ್ಲಿ ಆಡಿದ ಮಾತು" ಎಂದ. "ನಿನಗೆ ಹಗುರ ಕಣಪ್ಪ, ಆಡಿದ್ದು ನಿನ್ನ ಮಗಳ ತಲೆ ಮೇಲೆ ಕೈಯಿಟ್ಟು" ಎಂದೆ.

ನಿನಗೂ ನೆನಪಿದೆ, ನನಗೂ ನೆನಪಿದೆ. ಎಂಟು ವರ್ಷದ ಹಿಂದೆ ನಿನ್ನ ಮಗಳ ಮದುವೆಯಲ್ಲಿ ಮೊದಲ ವೀಳ್ಯ ತವರಿನ ಹಿರಿಯಳಿಗೆ ಬರಬೇಕಿತ್ತು. ಅಪ್ಪ ಅವ್ವ ಇಲ್ಲದ ಮೇಲೆ ನಿನಗೆ ತವರು ಅಂದರೆ ನಾನೇ. ನೀನು ನಿನ್ನ ಗಂಡನ ಅಕ್ಕನಿಗೆ ಕೊಟ್ಟೆ. ಎರಡು ಎಲೆ, ಒಂದು ಅಡಿಕೆ. ನಾನು ವರುಷದ ಕೂಸು ಚೂಡಾಮಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಉರಿಯುವ ಕರ್ಪೂರದ ಎದುರು ಅದರ ತಲೆ ಮೇಲೆ ಕೈಯಿಟ್ಟು, ಇನ್ನು ನಿನ್ನ ಮನೆ ಹೊಸಲು ತುಳಿಯುವುದಿಲ್ಲ, ನಿನ್ನ ಮನೆ ನೀರು ಮುಟ್ಟುವುದಿಲ್ಲ ಎಂದುಬಿಟ್ಟೆ. ನನ್ನ ತಲೆ ಮೇಲೆ ಇಟ್ಟುಕೊಂಡಿದ್ದರೆ ಎಂದೋ ಮುರಿದು ಬರುತ್ತಿದ್ದೆ. ಹೋದರೆ ಹೋಗುವುದು ಈ ಹಳೆ ತಲೆ ತಾನೆ. ಮಗುವಿನ ತಲೆಯಲ್ಲಿ ಚೌಕಾಸಿ ಇಲ್ಲ.

ನಾನೂ ಅವಳಪ್ಪನೂ ಆಡಿದ್ದನ್ನು ಕೇಳಿಸಿಕೊಂಡ ಚೂಡಾಮಣಿ ಬಂದು, "ಆಣೆ ನನ್ನ ತಲೆ ಮೇಲೆ ತಾನೆ ಅಜ್ಜಿ ಇರೋದು? ನಾನೇ ತೆಗೆದುಬಿಡ್ತೀನಿ ಬಿಡು" ಎಂದಳು. "ಆಣೆ ಏನು ಹೇನೇನೆ, ತೆಗೆದು ಕುಕ್ಕೋಕೆ?" ಎಂದು ಬೈದು ಕಳಿಸಿದೆ. ಆದರೆ ಆಮೇಲೆ ಕೂತು ಯೋಚನೆ ಮಾಡಿದೆ. ನಾನು ಆಡಿದ್ದು ಎರಡೇ ಮಾತು, ಹೊಸಲು ಮತ್ತು ನೀರು. ನಿನ್ನ ಮುಖ ನೋಡುವುದಿಲ್ಲ ಎಂದು ಎಲ್ಲೂ ಹೇಳಿಲ್ಲ. ಕೋಟೆಯ ಹೊಸಲು ನಿನ್ನದಲ್ಲ, ಪಾಳೇಗಾರರದು. ಹೊಂಡದ ನೀರು ಮಳೆರಾಯನದು. ಯಾವ ದೇವರು ತಪ್ಪು ಹಿಡಿಯುತ್ತಾನೋ ಹಿಡಿಯಲಿ, ಜವಾಬು ನಾನು ಕೊಡುತ್ತೇನೆ.

ಅದಕ್ಕೇ ಹೇಳುತ್ತೇನೆ ಕೇಳು. ಶನಿವಾರ, ಇಪ್ಪತ್ತನೇ ತಾರೀಖು, ಬೆಳಗ್ಗೆ ಏಳು ಗಂಟೆಗೆ ಕೋಟೆಯ ಮೊದಲ ಬಾಗಿಲ ಹತ್ತಿರ ನೀನು ಬರಬೇಕು. ಮನೆಯಿಂದ ಏನೂ ತರಬೇಡ, ಕೈ ಬೀಸಿಕೊಂಡು ಬಾ. ರಾಗಿ ಹಿಟ್ಟು, ಸೊಗಡಿನ ಅವರೆಕಾಯಿ, ಪಾತ್ರೆ, ಎಲ್ಲ ನಾನು ತರುತ್ತೇನೆ. ನಿಮ್ಮ ಕಡೆ ಅವರೆ ಎಂದು ಮಾರುವುದನ್ನು ನಮ್ಮಲ್ಲಿ ಎಮ್ಮೆಗೆ ಹಾಕುತ್ತಾರೆ. ಹೊಂಡದ ಹತ್ತಿರ ಮೂರು ಕಲ್ಲು ಹೂಡಿ ನಾನೇ ಮುದ್ದೆ ತೊಳಸುತ್ತೇನೆ. ನೀನು ಕಾಳು ಹಿಸುಕಿಕೊಂಡು ಕೂತಿರು, ಚಿಕ್ಕಂದಿನಿಂದಲೂ ನಿನಗೆ ಬರುತ್ತಿದ್ದ ಕೆಲಸ ಅದೊಂದೇ.

ಹೋದ ವರ್ಷ ನಿನ್ನ ಯಜಮಾನರು ತೀರಿಕೊಂಡಾಗ ತಿಥಿಗೆ ಚಿಕ್ಕಬೈರಪ್ಪ ಬಂದು ಹೋದ, ನಾನು ಬರಲಿಲ್ಲ. ಅಂದಿನಿಂದ ನಿನ್ನದು ಒಂದು ಕಾರ್ಡೂ ಇಲ್ಲ. ಈ ಸಲವೂ ನೀನು ಬರದೆ ಇರಬಹುದು. ಬಾರದಿದ್ದರೆ ಬೇಡ, ನಿನಗೆ ಆ ಹಕ್ಕಿದೆ. ನಾನು ಬಿಸಿಲೇರುವ ತನಕ ಬಾಗಿಲಲ್ಲಿ ಕಾಯುತ್ತೇನೆ. ಆಮೇಲೆ ಮಗುವಿನ ಕೈ ಹಿಡಿದು ಕೋಟೆ ಹತ್ತುತ್ತೇನೆ, ಅಳುತ್ತಾ ಕೂರುವವಳಲ್ಲ. ಆದರೆ ನನಗೆ ಅರುವತ್ತಾರು, ನಿನಗೆ ಅರುವತ್ತು. ಇನ್ನೆಷ್ಟು ಸಲ ನನ್ನ ಕೈಲಿ ಈ ಬಸ್ಸು ಹತ್ತಿಸುತ್ತೀಯೆ?

ನಿನ್ನ ಮಗಳಿಗೂ ಅಳಿಯನಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಕಣ್ಣು, ಹಲ್ಲು, ಮೊಣಕಾಲು ಗಟ್ಟಿಯಾಗಿರಲಿ. ಮೆಟ್ಟಿಲು ಬಹಳ ಇವೆಯಂತೆ.

ಇಂತಿ ನಿನ್ನ ಅಕ್ಕ,
ಮುನಿಲಕ್ಷ್ಮಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಯಜಮಾನರು ಹೋದ ಮಾರನೆಯ ದಿನ ನಾನು ಬಂದಿದ್ದೆ ಕಣೆ. ಹುಳಿಮಾವಿನ ಬೀಗರ ಮನೆಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ತವರಿನ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಬಂದೆ. ನಿನ್ನ ಜಗಲಿಯ ಕೆಳಗೆ ಗೋಡೆಗೆ ಒರಗಿ ನಿಂತೆ. ಬಾಗಿಲು ತೆರೆದೇ ಇತ್ತು. ಒಳಗೆ ನೀನು, "ಅರೆಕೆರೆಯಿಂದ ಯಾರಾದರೂ ಬಂದ್ರಾ?" ಎಂದು ಕೇಳಿದೆ. ಯಾರೋ, "ಇಲ್ಲ ಕಣವ್ವ" ಎಂದರು. ಸ್ವಲ್ಪ ಹೊತ್ತು ಬಿಟ್ಟು ನೀನು ಮತ್ತೆ ಅದನ್ನೇ ಕೇಳಿದೆ. ಆಣೆ ಇದ್ದದ್ದು ನನ್ನ ಕಾಲಿಗೆ, ಬಾಯಿಗಲ್ಲ. ಬೈರೀ ಎಂದು ಒಂದು ಸಲ ಕೂಗಬಹುದಿತ್ತು. ಬೇಕಾದರೆ ಅವಳೇ ಹೊರಗೆ ಬರಲಿ ಎಂದು ನಿಂತೆ. ಗಂಡ ಸತ್ತವಳು ತಿಥಿಯ ತನಕ ಹೊಸಲು ದಾಟುವಂತಿಲ್ಲ ಎನ್ನುವುದು ನನಗೆ ಗೊತ್ತಿತ್ತು.