ಸೋಮಾರಿ ಎಂದು ಕರೆದ ನಾಯಿ

ಮನೆ, ಹೊಲಿಗೆ ಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಗೋದಾಮಿನ ಧೂಳಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದರೆ ನೀನೆಲ್ಲಿ ಕೇಳುತ್ತೀ. ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದವನು ನಮ್ಮ ಸೋಮಾರಿ.

ಎಂಟು ತಿಂಗಳ ನಾಯಿ ಹತ್ತು ಹೆಜ್ಜೆಗೇ ಕೂತುಬಿಡುತ್ತಾನೆಂದು ನಾವೇ ಇಟ್ಟ ಹೆಸರಲ್ಲವೇ ಅದು? ಅಪ್ಪನ ಸ್ವಭಾವ ನಿನಗೆ ಗೊತ್ತು, ನಿವೃತ್ತಿಯಾದರೂ ಡ್ರಿಲ್ ಮೇಷ್ಟ್ರು ಡ್ರಿಲ್ ಮೇಷ್ಟ್ರೇ. "ಏಳೋ ಮೈಗಳ್ಳ, ಇನ್ನೊಂದು ಸುತ್ತು!" ಎಂದು ದಿನಾ ಬೆಳಿಗ್ಗೆ ಹಗ್ಗ ಹಿಡಿದು ಎಳೆಯುತ್ತಿದ್ದರು. ಹೋದ ತಿಂಗಳು ಅವನ ನಾಲಿಗೆ ದಪ್ಪವಾಯಿತು. ಕುಡಿದ ನೀರು ಬಾಯಿಂದಾಚೆ ಸುರಿಯತೊಡಗಿತು. ಆಗ ಆಸ್ಪತ್ರೆಗೆ ಒಯ್ದೆವು.

ಡಾಕ್ಟರಮ್ಮ ಮೊದಲು ರಕ್ತ ತೆಗೆದರು. ಸ್ನಾಯು ಹರಿದಾಗ ರಕ್ತಕ್ಕೆ ಸೋರುವ ಒಂದು ಅಂಶವಿದೆಯಂತೆ. ಅದು ಇರಬೇಕಾದ್ದಕ್ಕಿಂತ ನೂರು ಪಟ್ಟು ಹೆಚ್ಚಿತ್ತು. ಯಂತ್ರ ಕೆಟ್ಟಿರಬೇಕೆಂದು ಮತ್ತೊಮ್ಮೆ ನೋಡಿದರು. ಆಮೇಲೆ ಮತ್ತು ಬರಿಸಿ, ಸ್ನಾಯುವಿನ ಸದ್ದು ಕೇಳಿಸುವ ಯಂತ್ರದ ಸಣ್ಣ ಸೂಜಿಯನ್ನು ಕಾಲಿಗೆ ಚುಚ್ಚಿದರು. ವಿಶ್ರಾಂತಿಯಲ್ಲಿರುವ ಸ್ನಾಯು ಸುಮ್ಮನಿರಬೇಕಂತೆ. ಇವನದು ಕೆಟ್ಟ ರೇಡಿಯೋದಂತೆ ಗರಗರ ಎಂದಿತು. ಕೊನೆಗೆ ತೊಡೆಯಿಂದ ಉಗುರಿನಷ್ಟು ಸ್ನಾಯು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ದಿನವಿಡೀ ಸೂಜಿ ಹಿಡಿಯುವ ನನಗೂ ಆ ನಾಲ್ಕು ಹೊಲಿಗೆ ನೋಡಲಾಗಲಿಲ್ಲ.

ಮೂರು ವಾರದ ಮೇಲೆ ಕರೆಸಿದರು. "ಸ್ನಾಯುವನ್ನ ಗಟ್ಟಿಯಾಗಿಡೋ ಒಂದು ಪ್ರೋಟೀನು ಇವನಲ್ಲಿ ಹುಟ್ಟಿನಿಂದಲೇ ಇಲ್ಲ. ತುಂಬಾ ಅಪರೂಪದ ಕಾಯಿಲೆ. ಗುಣ ಆಗಲ್ಲ," ಎಂದರು. ಅಪ್ಪ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಾನು ಓಡಿಸಿದ್ದು?" ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಅದರಿಂದ ಕಾಯಿಲೆ ಬರಲಿಲ್ಲ. ಆದ್ರೆ ನೋವಾಗಿರುತ್ತೆ."

ಈಗ ಬೆಳಿಗ್ಗೆ ಅಪ್ಪ ಅವನನ್ನು ಎತ್ತಿಕೊಂಡೇ ಅದೇ ಬೀದಿ ಸುತ್ತುತ್ತಾರೆ. ನಗುವವರು ನಗಲಿ. ನಾನು ಅವನ ಊಟ ನುಣ್ಣಗೆ ಅರೆದು ಚಮಚದಲ್ಲಿ ತಿನ್ನಿಸುತ್ತೇನೆ. ಅರ್ಧ ಒಳಗೆ, ಅರ್ಧ ನನ್ನ ಸೆರಗಿಗೆ. ಎಷ್ಟು ದಿನವೋ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಹೇಗೆ ಬರೆಯಲೆಂದು ತಿಳಿಯದೆ ಮೂರು ಹಾಳೆ ಹರಿದೆ. ಈ ಕಾಯಿಲೆ ತಾಯಿಯಿಂದ ಗಂಡುಮರಿಗಳಿಗೆ ಬರುವುದಂತೆ, ಅರ್ಧಕ್ಕರ್ಧ ಮರಿಗಳಿಗೆ. ಇವನ ಜೊತೆಗೇ ಹುಟ್ಟಿದ ಇನ್ನೊಂದು ಗಂಡುಮರಿಯನ್ನು ನೀನು ಒಯ್ದೆಯಲ್ಲ. "ಮೆಟ್ಟಿಲು ಹತ್ತಲ್ಲ, ಎತ್ಕೊಳ್ಲಿ ಅಂತ ನಾಟಕ ಆಡ್ತಾನೆ" ಎಂದು ಹೋದ ಸಲ ನೀನೇ ಬರೆದಿದ್ದೆ. ನಾಟಕವಲ್ಲ ಕಣೋ. ಕಾಗದ ಸಿಕ್ಕ ದಿನವೇ ರಕ್ತ ಪರೀಕ್ಷೆ ಮಾಡಿಸು. ಅಲ್ಲಿಯವರೆಗೆ ಎತ್ತಿಕೊಂಡೇ ಹತ್ತು.